ಹಿಡಿಕಾಳ ಗುಡ್ಡಕ್ಕೆ ಆ ಹೆಸರು ಬಂದ ಬಗೆ

ಹೊಸ ಸಿರಗುಂದಿಯಲ್ಲಿ ಬಸ್ಸು ನಿಲ್ಲುವ ಬೇವಿನ ಕಟ್ಟೆಯಿಂದ ಪಡುವಣಕ್ಕೆ ನೋಡಿದರೆ ಕೆಂಪು ಗರಸುಮಣ್ಣಿನ ಒಂದು ಬೋಳುಗುಡ್ಡ ಕಾಣುತ್ತದೆ. ಸರ್ಕಾರದ ನಕಾಶೆಯಲ್ಲಿ ಅದಕ್ಕೆ ಹೆಸರಿಲ್ಲ, ಒಂದು ಅಂಕಿ ಮಾತ್ರ ಇದೆ. ಗುಡ್ಡದ ನೆತ್ತಿಯ ಮೇಲೆ ತಗಡಿನ ಮಾಡಿನ ಉದ್ದನೆಯ ಕಟ್ಟಡ. ಅದರ ಬಾಗಿಲ ಮೇಲೆ ಸಾಗವಾನಿ ಹಲಗೆಯಲ್ಲಿ ಕೊರೆದ ಅಕ್ಷರಗಳು: ‘ಸಿರಗುಂದಿ ಗ್ರಾಮ ಇತಿಹಾಸ ವಸ್ತು ಸಂಗ್ರಹಾಲಯ’. ಕೊರೆದವನ ಕೈ ಎಂಥದಿತ್ತೆಂದು ತಿಳಿಯಲು ಅಕ್ಷರಗಳ ಅಂಚನ್ನು ಬೆರಳಿನಿಂದ ಸವರಿದರೆ ಸಾಕು. ಆದರೆ ಏನು ಪ್ರಯೋಜನ? ಆ ಹೆಸರು ಹಿಡಿದು ಊರಲ್ಲಿ ದಾರಿ ಕೇಳಿದರೆ ‘ಅಂಥಾದ್ದು ಇಲ್ಲಿ ಯಾವುದೂ ಇಲ್ರಿ’ ಎನ್ನುತ್ತಾರೆ. ಹಿಡಿಕಾಳ ಗುಡ್ಡ ಎಂದು ಕೇಳಿದರೆ ಕುರಿ ಕಾಯುವವನೂ ಕೋಲೆತ್ತಿ ತೋರಿಸುತ್ತಾನೆ. ಪೇಟೆಯಿಂದ ಬಂದ ಪತ್ರಿಕೆಯವರೊಬ್ಬರು, ಯಾವುದೋ ಕಾಲದಲ್ಲಿ ಋಷಿಯೊಬ್ಬ ದಿನಕ್ಕೆ ಹಿಡಿ ಕಾಳು ತಿಂದು ಇಲ್ಲಿ ತಪಸ್ಸು ಮಾಡಿದನೆಂದೂ ಅದರಿಂದ ಈ ಹೆಸರು ಬಂದಿತೆಂದೂ ಬರೆದುಬಿಟ್ಟರು. ಕೇಳಿ ಬರೆಯುವ ವ್ಯವಧಾನ ಯಾರಿಗಿದೆ? ಯಾವ ಋಷಿಯೂ ಈ ಗುಡ್ಡಕ್ಕೆ ಬಂದವನಲ್ಲ. ಇಲ್ಲಿ ತಪಸ್ಸು ಅಂತ ಮಾಡಿದವನು ಒಬ್ಬ ಬಡಿಗ, ಅದನ್ನೂ ಮೂರು ಹೊತ್ತು ಸಿಟ್ಟಿನಲ್ಲೇ ಮಾಡಿದ.

ಹಿಂದೆ ಒಮ್ಮೆ, ಈಗ ನೀರು ನಿಂತಿರುವಲ್ಲಿ, ಹೊಳೆಯ ದಂಡೆಗೆ ಒತ್ತಿಕೊಂಡು ಹಳೇ ಸಿರಗುಂದಿ ಇತ್ತು. ಮಳೆಗಾಲದಲ್ಲಿ ಹೊಳೆ ತುಂಬಿ ಹೊಲಗಳ ಮೇಲೆ ಹರಿಯುತ್ತಿತ್ತು; ಚಿತ್ತಿ ಮಳೆಯ ಹೊತ್ತಿಗೆ ಅದು ಸರಿದ ಮೇಲೆ ಉಳಿದ ಕರೀ ರೇವೆ ಮಣ್ಣಿನಲ್ಲಿ ಜನ ಜೋಳ ಬಿತ್ತುತ್ತಿದ್ದರು. ಅದಕ್ಕೆ ದಂಡೆಜೋಳ ಎಂದು ಹೆಸರು. ತೆನೆ ನೆಟ್ಟಗೆ ನಿಲ್ಲುತ್ತಿರಲಿಲ್ಲ, ಹೊಸ ಸೊಸೆ ತಲೆ ಬಗ್ಗಿಸಿದ ಹಾಗೆ ಬಾಗುತ್ತಿತ್ತು. ಕಾಳು ಹಾಲುಬಿಳುಪು. ಅದರ ಹಿಟ್ಟಿನ ರೊಟ್ಟಿ ಎರಡು ದಿನವಾದರೂ ಮೆತ್ತಗೆ ಇರುತ್ತಿತ್ತು ಎಂದು ಈಗಲೂ ಮುದುಕರು ಹೇಳಿ ಬಾಯಿ ಚಪ್ಪರಿಸುತ್ತಾರೆ. ಹೊಳೆಗೆ ಅಡ್ಡ ಒಡ್ಡು ಹಾಕುತ್ತಾರಂತೆ, ಊರು ಮುಳುಗುತ್ತದಂತೆ ಎಂಬ ಸುದ್ದಿ ಬಂದಾಗ ಊರಿನ ಹಿರಿಯ ಪರತಗೌಡರು ಎಲ್ಲರನ್ನೂ ಕಟ್ಟೆಗೆ ಕರೆಸಿದರು. ಯಾರೂ ಕದಲಬಾರದು, ಯಾರಾದರೂ ಕದಲಿದರೆ ಎಲ್ಲರೂ ಕದಲಿದ ಹಾಗೆ, ಎಂದು ಆಣೆ ಹಾಕಿಸಿದರು. ಬಡಿಗೇರ ಹುಚ್ಚೀರಪ್ಪನೂ ಆವತ್ತು ಕೈ ಮುಂದೆ ಮಾಡಿ ಆಣೆ ಹಾಕಿದವನೇ.

ಹುಚ್ಚೀರಪ್ಪನ ಕಷ್ಟವೆಂದರೆ ಅವನಿಗೆ ಅಳತೆ ಗೊತ್ತಿತ್ತು. ಒಡ್ಡಿನ ಕೆಲಸಕ್ಕೆ ಬಡಿಗರು ಬೇಕೆಂದು ಅವನನ್ನು ಕರೆದಿದ್ದರು. ಅಲ್ಲಿ ಅವನು ನೀರು ಎಲ್ಲಿಗೆ ನಿಲ್ಲುತ್ತದೆಂದು ಗುರುತು ಹಾಕಿದ್ದನ್ನು ಕಣ್ಣಾರೆ ನೋಡಿದ. ಊರಿಗೆ ಬಂದು ತನ್ನ ದಾರ, ತೂಕದ ಗುಂಡು ಹಿಡಿದು ಅಳೆದಾಗ ಆ ಮಟ್ಟ ಅವನ ಮನೆಯ ಚೌಕಟ್ಟಿನಿಂದ ಎರಡಾಳು ಮೇಲಕ್ಕೆ ಬಂತು. ಗೌಡರಿಗೆ ಹೇಳಿದ. ಮನೆಮನೆಗೆ ಹೋಗಿ ಹೇಳಿದ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ‘ಹೊಳಿ ನಮಗ ಹೊಸಾದೇನೊ? ಪ್ರತಿವರ್ಷ ಬರ್ತೈತಿ, ಹೋಗ್ತೈತಿ’ ಎಂದು ನಕ್ಕರು. ಹೇಳಿ ಹೇಳಿ ಸಾಕಾಗಿ, ಒಂದು ಬೆಳಿಗ್ಗೆ ಹೆಂಡತಿ ಕಾಶವ್ವನನ್ನೂ ಉಳಿ-ಬಾಚಿಗಳ ಪೆಟ್ಟಿಗೆಯನ್ನೂ ಬಂಡಿಯಲ್ಲಿ ಹೇರಿಕೊಂಡು, ಹೊಸ ಊರಿಗೆಂದು ಸರ್ಕಾರ ಗುರುತು ಮಾಡಿದ್ದ ಈ ಬೋಳುಗುಡ್ಡದ ಬುಡಕ್ಕೆ ಬಂದು ಗುಡಿಸಲು ಹಾಕಿದ. ಅಲ್ಲಿಗೆ ಮೊದಲ ಒಲೆ ಹೂಡಿದವರು ಅವರಿಬ್ಬರೇ. ಊರವರು ಅವನಿಗೆ ‘ನೀರು ಬರೂದಕ್ಕಿಂತ ಮೊದಲ ಹಾರಿದ ಕಪ್ಪಿ’ ಎಂದು ಹೆಸರಿಟ್ಟರು. ಎರಡು ವರ್ಷ ಅವನ ಮನೆಗೆ ಊರಿನಿಂದ ಒಬ್ಬರೂ ಬರಲಿಲ್ಲ, ಕಾಶವ್ವನ ತಾಯಿ ತೀರಿಕೊಂಡ ಸುದ್ದಿಯೂ ಮಣ್ಣಾದ ಮೇಲೆ ತಲುಪಿತು.

ಮೂರನೆಯ ಮಳೆಗಾಲಕ್ಕೆ ನೀರು ಬಂತು, ಈ ಸಲ ಹೋಗಲಿಲ್ಲ. ಊರು ಬಂಡಿಬಂಡಿಯಾಗಿ ಗುಡ್ಡದ ಬುಡಕ್ಕೆ ಬಂದು ಬಿತ್ತು. ಅಂಥ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿದ್ದರೆ ಹುಚ್ಚೀರಪ್ಪ ಹುಚ್ಚೀರಪ್ಪನಾಗುತ್ತಿರಲಿಲ್ಲ. ‘ನಾ ಹೇಳಿರಲಿಲ್ಲೇನು’ ಎಂದು ಬಂದವರಿಗೆಲ್ಲ ಅಂದ. ನೀರು ಕೊಟ್ಟ, ನೆರಳು ಕೊಟ್ಟ, ಗುಡಿಸಲ ಕಂಬ ನೆಟ್ಟುಕೊಟ್ಟ, ಎಲ್ಲ ಕೊಟ್ಟು ಆ ಒಂದು ಮಾತನ್ನೂ ಕೊಟ್ಟ. ಆದ್ದರಿಂದ ಅವನು ಮಾಡಿದ ಉಪಕಾರ ಯಾರಿಗೂ ನೆನಪಿಲ್ಲ, ಆಡಿದ ಮಾತು ಎಲ್ಲರಿಗೂ ನೆನಪಿದೆ. ಒಳಗೊಳಗೆ ಅವನಿಗೂ ಚುಚ್ಚುತ್ತಿತ್ತು. ಆಣೆ ಮುರಿದವನು ತಾನು. ತಾನು ಕದಲಿದ್ದರಿಂದಲೇ ಊರು ಕದಲಿತೋ ಏನೋ ಎಂಬ ಹುಳ ಅವನ ತಲೆಯಲ್ಲಿ ಸೇರಿಕೊಂಡಿತ್ತು. ಬಂದ ಜನ ಬಿತ್ತುವ ಹಳೆಯ ಕೂರಿಗೆ, ತೊಟ್ಟಿಲು, ಬೀಸುವ ಕಲ್ಲುಗಳನ್ನು ಇಡಲು ಜಾಗವಿಲ್ಲದೆ ಬಯಲಲ್ಲಿ ಬಿಡುವುದನ್ನು ನೋಡಿದಾಗ ಅವನಿಗೆ ಆ ಯೋಚನೆ ಬಂತು ಎನ್ನುತ್ತಾರೆ. ಮನೆಗೊಂದು ವಸ್ತು ಕೂಡಿಸಬೇಕು, ಒಂದು ಸೂರಿನಡಿ ಇಡಬೇಕು, ಮುಳುಗಿದ ಊರು ಇಂಥದಿತ್ತು ಎಂದು ನಾಳೆ ಹುಟ್ಟುವವರು ನೋಡಬೇಕು. ಗುಡ್ಡದ ಮೇಲೆ ಒಡ್ಡಿನವರು ಬಿಟ್ಟುಹೋದ ಸಿಮೆಂಟಿನ ಉಗ್ರಾಣ ಖಾಲಿ ಇತ್ತು. ಅದರ ತೊಲೆ ಕೂಡಿಸಿದವನು ಅವನೇ. ಗೌಡರನ್ನು ಕೇಳಿದ. ‘ಮಾಡ್ಕೊ ಮಾರಾಯ, ಖಾಲಿ ಬಿದ್ದೈತಿ’ ಎಂದು ಗೌಡರು ಎಲೆ ಅಡಿಕೆ ಹಾಕಿಕೊಂಡು ಹೇಳಿದರು. ಕಾಗದ ಪತ್ರ ಏನೂ ಆಗಲಿಲ್ಲ.

ವಸ್ತುಗಳೇನೋ ಬಂದವು. ಆದರೆ ಆ ಸೀಮೆಯಲ್ಲಿ ಒಂದು ಪದ್ಧತಿಯುಂಟು. ಪಾತ್ರೆ ಯಾವತ್ತೂ ಬರಿದಾಗಿ ಮನೆಯ ಹೊಸ್ತಿಲು ದಾಟಬಾರದು. ನೆರೆಮನೆಯ ಬಟ್ಟಲನ್ನು ಹಿಂದಕ್ಕೆ ಕೊಡುವಾಗಲೂ ಒಂದು ಚಿಟಿಕೆ ಉಪ್ಪೋ ಬೆಲ್ಲದ ಚೂರೋ ಹಾಕಿಯೇ ಕೊಡುತ್ತಾರೆ. ಮನೆಯಿಂದ ಶಾಶ್ವತವಾಗಿ ಹೋಗುವ ಪಾತ್ರೆಗಾದರೆ ಸ್ವಂತ ಹೊಲದ ಕಾಳನ್ನು, ಹುಳ ಬೀಳದ ಹಾಗೆ ಒಲೆಯ ಬೂದಿಯಲ್ಲಿ ತಿಕ್ಕಿ, ಒಂದು ಹಿಡಿ ತುಂಬಿ ಕಳಿಸಬೇಕು. ಹೆಂಗಸರು ಗಡಿಗೆ, ಹರವಿ, ಕೊಳಗ, ಚರಿಗೆ ಏನೇ ತಂದರೂ ಒಳಗೆ ಹಿಡಿ ದಂಡೆಜೋಳ ಇದ್ದೇ ಇರುತ್ತಿತ್ತು. ಹುಚ್ಚೀರಪ್ಪ ಮೊದಲು ಸಮಾಧಾನದಿಂದ ಹೇಳಿದ, ‘ಯವ್ವಾ, ಇದು ನೋಡೂದಕ್ಕ ಇಡೂ ಸಾಮಾನು, ಉಣ್ಣೂದಕ್ಕಲ್ಲ. ಬರಿದ ತರ್ರಿ. ಇಲಿ ಬರ್ತಾವು.’ ಅವರು ತಲೆಯಾಡಿಸಿ, ಮರುದಿನ ಮತ್ತೆ ಕಾಳು ಹಾಕಿಯೇ ತಂದರು. ಊರಿಗೇ ಹಿರಿಯಳಾದ ಸತ್ಯವ್ವಾಯಿಯಂತೂ ಅವನನ್ನು ಮೇಲಿಂದ ಕೆಳಗೆ ನೋಡಿ, ‘ಊರಂತೂ ಬರಿದಾತು. ಗಡಗೀನೂ ಬರಿದ ಮಾಡಂತಿ ಏನೊ?’ ಎಂದು ಕೇಳಿದಳು. ಅವನಿಗೆ ಸಿಟ್ಟು ಬಂತು. ಬಿಳಿ ಬಣ್ಣ ತಂದು ಒಳಗೋಡೆಯ ಮೇಲೆ ಮೊಳದುದ್ದದ ಅಕ್ಷರದಲ್ಲಿ ಬರೆದ: ‘ಪಾತ್ರೆಗಳಲ್ಲಿ ಕಾಳು ಹಾಕಬಾರದು. ಅಪ್ಪಣೆ ಮೇರೆಗೆ, ಹುಚ್ಚೀರಪ್ಪ ಬಡಿಗೇರ’. ಓದು ಬರುತ್ತಿದ್ದವರು ಊರಲ್ಲಿ ನಾಲ್ಕೈದು ಮಂದಿ, ಅವರಲ್ಲಿ ಗಡಿಗೆ ತರುವವರು ಯಾರೂ ಇರಲಿಲ್ಲ.

ಕಾಶವ್ವ ಕೂಡ ತಂದಿಟ್ಟಳು. ಅವಳ ತಾಯಿಯದೊಂದು ಸಣ್ಣ ಕರೀ ಗಡಿಗೆ, ಅಣ್ಣನ ಬಂಡಿಯಲ್ಲಿ ಬಂದದ್ದು. ಸಾಯುವ ಮೊದಲು ತಾಯಿಯೇ ಮಗಳಿಗೆಂದು ಅದರಲ್ಲಿ ಹಿಡಿ ಕಾಳು ಹಾಕಿ, ಮೇಲೆ ಬಟ್ಟೆ ಕಟ್ಟಿಟ್ಟಿದ್ದಳಂತೆ. ‘ಇದಕ್ಕ ಮಾತ್ರ ಕೈ ಹಚ್ಚಬ್ಯಾಡ್ರಿ’ ಎಂದು ಕಾಶವ್ವ ಹೇಳಿ, ಅದನ್ನು ಗೋಡೆಯ ಬರಹಕ್ಕೆ ಸರಿಯಾಗಿ ಕೆಳಗೇ ಇಟ್ಟಳು.

ಹೊಸ ನೆಲ ಯಾರ ಕೈಗೂ ಒದಗಲಿಲ್ಲ. ಮೊದಲ ವರ್ಷ ಜನ ತಂದಿದ್ದ ದಂಡೆಜೋಳವನ್ನು ಗರಸಿನಲ್ಲಿ ಬಿತ್ತಿದರು. ಗೇಣುದ್ದ ಬಂದು ಸುಟ್ಟುಹೋಯಿತು. ಎರಡನೆಯ ವರ್ಷ ಸಜ್ಜೆ ಬಿತ್ತಿ, ಉಳಿದಿದ್ದ ಜೋಳವನ್ನು ಉಂಡರು. ಅದು ಮುಗಿದ ಮೇಲೆ ಸರ್ಕಾರ ಹಂಚಿದ ಕೆಂಪು ಜೋಳ ಬಂತು. ರೊಟ್ಟಿ ಬಡಿಯಹೋದರೆ ಅಂಚಿನಲ್ಲಿ ಬಿರಿಯುವುದು, ಹೆಂಚಿನಿಂದ ಎತ್ತಹೋದರೆ ಮುರಿಯುವುದು. ದಂಡೆಜೋಳದ ಬೀಜ ಯಾರಲ್ಲಾದರೂ ಇದೆಯೇ ಎಂದು ವಿಚಾರಿಸಿದಾಗ ಗೊತ್ತಾಯಿತು, ಯಾರಲ್ಲೂ ಇಲ್ಲ. ಗೌಡರ ಮನೆಯಲ್ಲಿ ಇರುತ್ತದೆಂದು ಊರು ತಿಳಿದಿತ್ತು, ಊರಲ್ಲಿ ಎಲ್ಲಾದರೂ ಇರುತ್ತದೆಂದು ಗೌಡರು ತಿಳಿದಿದ್ದರು. ಗುಡ್ಡದ ಮೇಲಿನ ಪಾತ್ರೆಗಳು ಯಾರಿಗೂ ನೆನಪಾಗಲಿಲ್ಲ. ಕೊಟ್ಟ ಹಿಡಿಯನ್ನು ಹೊಳ್ಳಿ ನೋಡಬಾರದೆಂಬ ಪದ್ಧತಿಯೂ ಅದಕ್ಕೆ ಕಾರಣವಿರಬಹುದು. ಹುಚ್ಚೀರಪ್ಪನಿಗಾದರೂ ಹೊಳೆಯಬೇಕಿತ್ತಲ್ಲ ಎಂದರೆ, ಅವನಿಗೆ ಆ ಕಾಳು ಕಾಳಾಗಿ ಕಾಣುತ್ತಲೇ ಇರಲಿಲ್ಲ, ಬರಿಯ ಇಲಿಯ ಮೇವಾಗಿ ಕಾಣುತ್ತಿತ್ತು. ಬಾಚಿ ಹಿಡಿದವನಿಗೆ ಮರವೊಂದೇ ವಸ್ತು.

ಮೂರನೆಯ ವರ್ಷ, ಹಸ್ತ ಮಳೆಗೆ ಮುಂಚೆ, ಜಿಲ್ಲೆಯಿಂದ ಸಾಹೇಬರೊಬ್ಬರು ಬರುತ್ತಾರೆಂದು ಸುದ್ದಿಯಾಯಿತು. ಉಗ್ರಾಣ ಸರ್ಕಾರದ್ದು, ಅದನ್ನು ಗೊಬ್ಬರದ ಗೋದಾಮು ಮಾಡಬೇಕೆಂದು ಒಂದು ಅರ್ಜಿ ಹೋಗಿತ್ತು. ಸಾಹೇಬರು ನೋಡಿ, ಇದು ಉಳಿಸುವಂಥದು ಎಂದು ಬರೆದುಕೊಟ್ಟರೆ ಸಂಗ್ರಹಾಲಯ ಉಳಿಯುತ್ತದೆ, ಇಲ್ಲವಾದರೆ ಸಂಕ್ರಾಂತಿಯೊಳಗೆ ಖಾಲಿ ಮಾಡಬೇಕು. ಹುಚ್ಚೀರಪ್ಪ ಹದಿನೈದು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಬಾಗಿಲ ಮೇಲಿನ ಹಲಗೆ ಕೊರೆದದ್ದು ಆಗಲೇ. ಪ್ರತಿ ವಸ್ತುವನ್ನೂ ಒರೆಸಿ, ಯಾರ ಮನೆಯದೆಂದು ಚೀಟಿ ಅಂಟಿಸಿದ. ಪಾತ್ರೆಗಳನ್ನು ಬರಿದು ಮಾಡಹೋದಾಗಲೆಲ್ಲ ಯಾರೋ ಒಬ್ಬ ಹೆಂಗಸು ಬಾಗಿಲಲ್ಲಿ ನಿಂತು ಕಣ್ಣು ಬಿಡುವಳು. ಅವನು ಹಲ್ಲು ಕಚ್ಚಿ ಪಾತ್ರೆಯನ್ನು ಇದ್ದಲ್ಲೇ ಇಡುವನು. ಊರವರೆಲ್ಲ ಆ ದಿನ ಮೇಲಕ್ಕೆ ಬನ್ನಿ, ಬಂದು ನಿಂತರೆ ಸಾಕು, ಎಂದು ಬೇಡಿಕೊಂಡ. ಬಂದವರು ಗೌಡರು ಮತ್ತು ಐದಾರು ಮಂದಿ.

ಸಾಹೇಬರು ಒಳ್ಳೆಯವರೇ. ಕೂರಿಗೆ ನೋಡಿದರು, ತೊಟ್ಟಿಲು ತೂಗಿ ನೋಡಿದರು, ಚೀಟಿಗಳನ್ನು ಓದಿದರು. ಹುಚ್ಚೀರಪ್ಪನ ಎದೆ ಅಗಲವಾಗುತ್ತ ಬಂತು. ಗೋಡೆಯ ಬರಹ ಓದಿ ಸಾಹೇಬರಿಗೆ ನಗು ಬಂತು. ‘ಯಾಕಪ್ಪಾ ಹೀಗೆ ಬರೆದಿದ್ದೀಯ?’ ಎನ್ನುತ್ತ ಅದರ ಕೆಳಗಿದ್ದ ಹರವಿಯೊಂದರ ಬಾಯಿಗೆ ಕೈ ಹಾಕಿದರು. ಒಳಗಿನಿಂದ ಹೆಬ್ಬೆಗ್ಗಣದಷ್ಟು ಕೊಬ್ಬಿದ ಇಲಿಯೊಂದು ಅವರ ತೋಳಿನ ಮೇಲೇ ಹತ್ತಿ, ಹೆಗಲು ದಾಟಿ, ಬೆನ್ನಿನಿಂದ ಜಾರಿ ಓಡಿತು. ಅದರ ಹಿಂದೆ ಇನ್ನೊಂದು. ಸಾಹೇಬರು ಹೊರಗೆ ಹೋಗಿ ಕೈ ತೊಳೆದುಕೊಂಡರು, ಒಳಗೆ ಮತ್ತೆ ಬರಲಿಲ್ಲ. ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಸಂಕ್ರಾಂತಿಯೊಳಗೆ ಖಾಲಿ ಮಾಡಬೇಕೆಂದು ಬರೆದರು. ಜೀಪು ಇಳಿದು ಹೋದ ಮೇಲೆ ಗೌಡರು ಶಲ್ಯ ಕೊಡವಿಕೊಂಡು, ‘ಗುಡ್ಡ ಅಗದು ಇಲಿ ಹಿಡದಂಗಾತಲ್ಲೊ ಬಡಿಗ್ಯಾ’ ಎಂದರು. ಉಳಿದವರು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕರು.

ಆವತ್ತಿನ ಹುಚ್ಚೀರಪ್ಪನ ಸಿಟ್ಟನ್ನು ಈಗಲೂ ಊರಲ್ಲಿ ಅಳತೆಗೆ ಬಳಸುತ್ತಾರೆ. ಒಂದೊಂದು ಪಾತ್ರೆಯನ್ನೂ ಎತ್ತಿ ತಂದು ಕಟ್ಟಡದ ಹಿಂದೆ ಬೋರಲು ಹಾಕಿ, ತಳ ಬಡಿದು ಬಡಿದು ಸುರಿದ. ಎಷ್ಟು ಹೇಳಿದೆ, ಗೋಡೆಯ ಮೇಲೆ ಬರೆದೆ, ಕಾಲು ಹಿಡಿಯುವುದೊಂದು ಬಾಕಿ ಇತ್ತು, ಈ ಊರಿಗೆ ನನ್ನ ಮಾತು ಯಾವತ್ತಾದರೂ ಕೇಳಿಸಿದೆಯೇ, ಎಂದು ತನಗೆ ತಾನೇ ಒದರಿಕೊಂಡ. ಕೊನೆಗೆ ಉಳಿದದ್ದು ಬಟ್ಟೆ ಕಟ್ಟಿದ ಸಣ್ಣ ಕರೀ ಗಡಿಗೆ. ಕಾಶವ್ವ ಅಡ್ಡ ಬಂದಳು. ‘ಅದನ್ನ ಇಲಿ ಮುಟ್ಟಿಲ್ಲ. ನಮ್ಮವ್ವನ ಕೈಯಾಗಿನ ಕಾಳು ಅದು, ಬಿಡ್ರಿ’ ಎಂದಳು. ‘ನಿಮ್ಮವ್ವ ಅಂದ್ರ ಇಲಿಗೆ ಗುರುತೈತೇನು?’ ಎಂದು ಅವನು ಬಟ್ಟೆ ಕಿತ್ತು ಅದನ್ನೂ ಸುರಿದುಬಿಟ್ಟ. ಸುರಿದ ಕ್ಷಣವೇ ತಪ್ಪಾಯಿತೆಂದು ಗೊತ್ತಾಯಿತು, ಆದರೆ ಸುರಿದ ಕಾಳಿಗೂ ಆಡಿದ ಮಾತಿಗೂ ಹಿಂದಕ್ಕೆ ಬರುವ ದಾರಿಯಿಲ್ಲ. ಕಾಶವ್ವ ಖಾಲಿ ಗಡಿಗೆಯನ್ನು ಎತ್ತಿಕೊಂಡು ಇಳಿದು ಹೋದಳು. ಆವತ್ತಿನಿಂದ ಅವಳು ಗಂಡನೊಂದಿಗೆ ಮಾತು ಬಿಟ್ಟಳು. ರೊಟ್ಟಿ ಮಾಡಿ ಇಡುವಳು, ನೀರು ಇಡುವಳು, ಮಾತಿಲ್ಲ. ಅವನು ಒಂದೆರಡು ದಿನ ನೋಡಿ, ಪೆಟ್ಟಿಗೆ ಹೊತ್ತುಕೊಂಡು ದೂರದ ಊರುಗಳಿಗೆ ಚೌಕಟ್ಟಿನ ಕೆಲಸಕ್ಕೆ ಹೊರಟುಹೋದ.

ತಿರುಗಿ ಬಂದದ್ದು ಎಳ್ಳಮಾಸಿಯ ಹೊತ್ತಿಗೆ, ಸಂಕ್ರಾಂತಿ ಹತ್ತಿರ ಬಂದಾಗ, ಕಟ್ಟಡ ಖಾಲಿ ಮಾಡಲೆಂದು. ಬಂಡಿ ಕೊಡಿ ಎಂದು ಮೂರು ಮನೆ ಕೇಳಿದ, ಮೂರು ಮನೆಯಲ್ಲೂ ಎತ್ತಿಗೆ ಕಾಲುನೋವಿತ್ತು. ಒಬ್ಬನೇ ಗುಡ್ಡ ಹತ್ತಿ, ಹಳೆಯ ಹಲಗೆಗಳನ್ನು ತರಲೆಂದು ಕಟ್ಟಡದ ಹಿಂದಕ್ಕೆ ಹೋದ. ಅಲ್ಲಿ ಜಾಲಿಮುಳ್ಳಿನ ಬೇಲಿಯೊಂದು ಇತ್ತು. ಯಾರು ಹಾಕಿದರು ಇದನ್ನು ಎಂದು ಬಗ್ಗಿ ನೋಡಿದ. ತಗಡಿನ ಮಾಡಿನಿಂದ ಬಿದ್ದ ಮಳೆನೀರು ಅಲ್ಲಿ ಒಂದು ತಗ್ಗು ಮಾಡಿ, ಗುಡ್ಡದ ಮಣ್ಣನ್ನೆಲ್ಲ ತಂದು ತುಂಬಿತ್ತು. ಆ ಮಣ್ಣಿನಲ್ಲಿ, ಬೇಲಿಯೊಳಗೆ, ಎದೆಯೆತ್ತರದ ಜೋಳ ನಿಂತಿತ್ತು. ತೆನೆಗಳೆಲ್ಲ ತಲೆ ಬಗ್ಗಿಸಿದ್ದವು. ಬುಡದಲ್ಲಿ ಕಾಶವ್ವ ಕೊಡ ಇಟ್ಟುಕೊಂಡು ನೀರು ಹಾಕುತ್ತಿದ್ದಳು.

ಹುಚ್ಚೀರಪ್ಪ ಬೇಲಿಯ ಪಕ್ಕ ಕೂತ. ‘ಯಾವಾಗ ನೋಡಿದಿ?’ ಎಂದು ಕೇಳಿದ. ಕಾಶವ್ವ ಮೂರು ತಿಂಗಳ ಮೇಲೆ ಬಾಯಿ ಬಿಟ್ಟಳು. ‘ಮೊಣಕಾಲುದ್ದ ಇದ್ದಾಗ.’ ಯಾರ ಕೈಲಾದರೂ ಹೇಳಿಕಳಿಸಬಹುದಿತ್ತಲ್ಲ ಎಂದು ಅವನು ಅಂದದ್ದಕ್ಕೆ, ‘ಮಾತು ಬಿಟ್ಟಿದ್ನಲ್ಲ’ ಎಂದು ಮತ್ತೆ ಕೊಡ ಬಗ್ಗಿಸಿದಳು. ಅವನಿಗೆ ಸಿಟ್ಟು ಬಂತು; ಯಾರ ಮೇಲೆ ಎಂದು ಹುಡುಕಿದರೆ ತಾನೊಬ್ಬನೇ ಸಿಕ್ಕ. ಕೂರಿಗೆ ಕೂಡಿಸಿದ, ಕುಂಟೆ ಕೂಡಿಸಿದ, ಬೀಸುವ ಕಲ್ಲು ಹೊತ್ತು ತಂದ, ಅವೆಲ್ಲ ಯಾವುದಕ್ಕಾಗಿ ಇದ್ದವೋ ಆ ಕಾಳನ್ನು ಮಾತ್ರ ಕಸವೆಂದು ಹಿತ್ತಲಿಗೆ ಸುರಿದ. ಇಡೀ ಊರಿನ ಮನೆಗಳನ್ನು ತಿರುಗಿ ಇತಿಹಾಸ ಹುಡುಕಿದವನು ಕೈಯೊಳಗಿದ್ದದ್ದನ್ನು ನೋಡಲಿಲ್ಲ.

ಇದು ದಂಡೆಜೋಳವೇ ಹೌದೇ ಎಂದು ನೋಡಲು ಸತ್ಯವ್ವಾಯಿಯನ್ನು ಎತ್ತಿಕೊಂಡೇ ಮೇಲಕ್ಕೆ ತಂದರು. ಅವಳು ಒಂದು ತೆನೆಯನ್ನು ಅಂಗೈಯಲ್ಲಿ ಉಜ್ಜಿ, ಹಾಲುಗಾಳನ್ನು ವಸಡಿನಲ್ಲಿ ಅರೆದು ನೋಡಿದಳು. ಆಮೇಲೆ ‘ಮನಿ ಜ್ವಾಳ’ ಎಂದಳು. ಅಷ್ಟು ಹೇಳಿದ್ದೇ ತಡ, ಸಂಗ್ರಹಾಲಯಕ್ಕೆ ಬನ್ನಿ ಎಂದರೆ ಬಾರದ ಊರು ಗುಡ್ಡ ಹತ್ತಿತು. ಹತ್ತಿದವರು ಮೊದಲು ಮಾಡಿದ್ದೇನೆಂದರೆ, ಎಳೆಗಾಳಿನ ಸೀತನಿ ಸುಡೋಣ ಎಂದು ತೆನೆಗೆ ಕೈ ಹಾಕಿದ್ದು. ಹುಚ್ಚೀರಪ್ಪ ಬಾಚಿ ಹಿಡಿದು ಬೇಲಿಗೆ ಅಡ್ಡ ನಿಂತ. ಹಣ್ಣಾಗಿ ಒಣಗುವತನಕ ಹಗಲೆಲ್ಲ ಕಾದ. ಹಕ್ಕಿಗಿಂತ ಜನರನ್ನು ಓಡಿಸಿದ್ದೇ ಹೆಚ್ಚು ಎನ್ನುತ್ತಾರೆ.

ಸಂಕ್ರಾಂತಿಯ ಮರುದಿನ ಗೊಬ್ಬರದ ಚೀಲ ತುಂಬಿದ ಲಾರಿ ಬಂತು. ಬೀಗ ತಂದವರಿಗೆ ಬಾಗಿಲು ಕಾಣಲಿಲ್ಲ, ಅಷ್ಟು ಹೆಂಗಸರು ತಂತಮ್ಮ ಗಡಿಗೆ ಮಡಿಲಲ್ಲಿಟ್ಟುಕೊಂಡು ಅಡ್ಡ ಕೂತಿದ್ದರು. ಕಟ್ಟಡ ಖಾಲಿಯಿದೆ ಎಂದು ಕಾಗದದಲ್ಲಿದೆಯಲ್ಲ ಎಂದು ಲಾರಿಯವರು ಗೌಡರನ್ನು ಕೇಳಿದರು. ಗೌಡರು ಹುಚ್ಚೀರಪ್ಪನ ಮುಖ ನೋಡದೆ ಹೇಳಿದರು, ‘ಖಾಲಿ ಇಲ್ರಿ. ಇದು ಊರಿನ ಬೀಜದ ಮನಿ. ಬೀಜ ಇಲ್ಲದ ಊರಿಗೆ ಗೊಬ್ಬರ ಯಾತಕ್ಕ? ನಿಮ್ಮ ಚೀಲಾನ ನಮ್ಮ ದನದ ಕೊಟ್ಟಿಗ್ಯಾಗ ಇಳಸ್ರಿ.’ ಚೀಲಗಳು ಕೊಟ್ಟಿಗೆಗೆ ಹೋದವು, ಮುಂದೆ ಕಟ್ಟಡವನ್ನು ಯಾರೂ ಕೇಳಲಿಲ್ಲ. ಬಲಿತ ಕಾಳನ್ನು ಮನೆಗೊಂದು ಹಿಡಿಯಂತೆ ಅವರವರ ಗಡಿಗೆಗೇ ಹಾಕಿ ಹಂಚಿದರು. ಬಿತ್ತುವುದೆಲ್ಲಿ ಎಂಬ ಪ್ರಶ್ನೆಗೆ ಅಳತೆಗಾರ ಹುಚ್ಚೀರಪ್ಪನೇ ಜಾಗ ತೋರಿಸಿದ: ಚಳಿಗಾಲಕ್ಕೆ ಹಿನ್ನೀರು ಸರಿದಾಗ ತಲೆ ಎತ್ತುವ, ಹಳೇ ಸಿರಗುಂದಿಯ ಮೇಲ್ಹೊಲಗಳ ಅಂಚು. ಆ ಒಂದು ಸಲ ಊರು ಅವನ ಮಾತು ಕೇಳಿತು.

ಅವನ ಗೊಣಗಾಟ ಮಾತ್ರ ನಿಲ್ಲಲಿಲ್ಲ. ಮೊದಲ ಸುಗ್ಗಿಯಾದೊಡನೆ ಹೆಂಗಸರು ಗಡಿಗೆಗಳನ್ನು ತಿರುಗಿ ತಂದಿಟ್ಟರು, ಒಂದೊಂದರಲ್ಲೂ ಬೂದಿ ತಿಕ್ಕಿದ ಹಿಡಿ ಕಾಳು. ಅವನು ಗೊಣಗುತ್ತಲೇ ಒಳಗಿಟ್ಟುಕೊಂಡ. ವರ್ಷವೆಲ್ಲ ಕೂತು ಪ್ರತಿ ಪಾತ್ರೆಯ ಬಾಯಿಗೂ ಅಳತೆ ತೆಗೆದು, ಇಲಿಯ ಮೂಗೂ ತೂರದಂಥ ಸಾಗವಾನಿಯ ಮುಚ್ಚಳ ಮಾಡಿದ. ಹೆಂಡತಿಯ ತಾಯಿಯ ಗಡಿಗೆಗೆ ಮಾಡಿದ ಮುಚ್ಚಳದ ಮೇಲೆ ಬಾಗಿದ ತೆನೆಯೊಂದನ್ನು ಕೊರೆದ. ಬಹಳ ವರ್ಷಗಳ ಮೇಲೆ, ಕಟ್ಟಡಕ್ಕೆ ಸುಣ್ಣ ಹೊಡೆಯುವಾಗ, ಗೋಡೆಯ ಮೇಲಿನ ಬರಹವನ್ನು ಅಳಿಸೋಣವೇ ಎಂದು ಮುದುಕನಾಗಿದ್ದ ಅವನನ್ನು ಕೇಳಿದರಂತೆ. ‘ಬ್ಯಾಡ’ ಎಂದ. ‘ಈ ಊರು ನನ್ನ ಮಾತು ಕೇಳಲಿಲ್ಲ ಅಂತ ಜೀವನಪೂರ್ತಿ ಬಡಕೊಂಡೆ. ಕೇಳಿದ್ರ ಏನಾಗ್ತಿತ್ತು ಅನ್ನೂದು ಅಲ್ಲಿ ಬರದೈತಿ. ಇರ್ಲಿ, ಓದ್ಲಿ.’

ಈಗ ಅವನೂ ಇಲ್ಲ, ಕಾಶವ್ವನೂ ಇಲ್ಲ. ಮಾಘದಲ್ಲಿ ಗುಡ್ಡ ಹತ್ತಿದರೆ ಕೆಳಗೆ, ಸರಿದ ನೀರಿನ ಅಂಚಿನುದ್ದಕ್ಕೂ, ತಲೆ ಬಾಗಿದ ಜೋಳದ ಪಟ್ಟಿ ಕಾಣುತ್ತದೆ. ಕಟ್ಟಡದೊಳಗೆ ಸುಣ್ಣದ ಗೋಡೆಯ ಮೇಲೆ ಆ ಒಂದು ಸಾಲನ್ನು ಮಾತ್ರ ಬಿಟ್ಟು ಸುತ್ತ ಬಳಿದಿದ್ದಾರೆ: ‘ಪಾತ್ರೆಗಳಲ್ಲಿ ಕಾಳು ಹಾಕಬಾರದು’. ಬಂದವರು ಅದನ್ನು ಓದುತ್ತಾರೆ, ಓದಿ ಕೆಳಗಿರುವ ಸಣ್ಣ ಕರೀ ಗಡಿಗೆಯ ಮುಚ್ಚಳ ತೆಗೆಯುತ್ತಾರೆ. ಒಳಗೆ ಆ ವರ್ಷದ ಹೊಸ ಕಾಳು ಒಂದು ಹಿಡಿ ಇರುತ್ತದೆ.